ರೇಷ್ಮೆ ಆಮದು ಸುಂಕ ತೆಗೆದ್ರೆ ದೇಶಕ್ಕೆ ಲಾಭ ಅಂತಿದೆ ಮಾಡೆಲ್. ಗೂಡು ಬೆಳೆಯೋರು ಆ ಲೆಕ್ಕದಲ್ಲಿ ಎಲ್ಲಿದಾರೆ?

ಮಾವಿನತೋಪು
ಎಲ್ರಿಗೂ ನಮಸ್ಕಾರ. ನಾನು ಎಂಎ ಅರ್ಥಶಾಸ್ತ್ರ ಕೊನೇ ವರ್ಷ, ಪ್ರಾಜೆಕ್ಟಿಗೆ ರೇಷ್ಮೆ ತಗೊಂಡಿದೀನಿ, ನಮ್ಮೂರು ಶಿಡ್ಲಘಟ್ಟದ ಹತ್ರ. 2021ರ ಬಜೆಟ್ಟಲ್ಲಿ ಕಚ್ಚಾ ರೇಷ್ಮೆ ಮೇಲಿನ ಆಮದು ಸುಂಕ 10%ರಿಂದ 15%ಗೆ ಏರಿಸಿದ್ರಲ್ಲ, ಅದನ್ನ ಪೂರ್ತಿ ತೆಗೆದ್ರೆ ಏನಾಗುತ್ತೆ ಅನ್ನೋದು ನನ್ನ ಪ್ರಶ್ನೆ. ವರ್ಲ್ಡ್ ಬ್ಯಾಂಕಿನ ವಿಟ್ಸ್ ಸೈಟಲ್ಲಿ ಸ್ಮಾರ್ಟ್ ಅಂತ ಒಂದು ಮಾಡೆಲ್ ಸಿಗುತ್ತೆ, ಎಚ್‌ಎಸ್ ಕೋಡ್ (ಸರಕು ಗುರುತಿಸೋ ಅಂತರರಾಷ್ಟ್ರೀಯ ನಂಬರು) 5002, ಅಂದ್ರೆ ಕಚ್ಚಾ ರೇಷ್ಮೆ, ಹಾಕಿ ಹೊಸ ಸುಂಕ ಸೊನ್ನೆ ಅಂತ ಕೊಟ್ರೆ ಸಾಕು, ಲೆಕ್ಕ ಅದೇ ಮಾಡುತ್ತೆ. ಆಮದು ಜಾಸ್ತಿ, ಸರ್ಕಾರಕ್ಕೆ ಸುಂಕದ ಆದಾಯ ಕಮ್ಮಿ, ಕೊಳ್ಳೋರಿಗೆ ಲಾಭ, ಎಲ್ಲಾ ಕೂಡಿ ಕಳೆದ್ರೆ ದೇಶಕ್ಕೆ ಲಾಭ ಅಂತ ಬಂತು.

ಗೈಡ್ ಸರ್ ಚೆನ್ನಾಗಿದೆ ಬರೆದು ಮುಗಿಸು ಅಂದ್ರು. ನಮ್ಮ ಚಿಕ್ಕಪ್ಪ ಗೂಡು ಬೆಳೀತಾರೆ, ಅವರಿಗೆ ತೋರಿಸಿದ್ರೆ ಇದರಲ್ಲಿ ನಾವೆಲ್ಲಿದೀವಮ್ಮ ಅಂತ ಕೇಳಿದ್ರು, ಉತ್ತರ ಗೊತ್ತಾಗ್ಲಿಲ್ಲ. ಮಾಡೆಲ್ ತಪ್ಪಾ, ಅಥವಾ ಈ ಪ್ರಶ್ನೆಗೆ ಬೇರೆ ಮಾಡೆಲ್ ಬೇಕಾ? ಈ ಕೆಲಸ ಮಾಡಿದೋರು ಯಾರಾದ್ರೂ ಇದ್ರೆ ಹೇಳಿ ಪ್ಲೀಸ್.

ದೊಡ್ಬಳ್ಳಾಪುರ_ಮಗ್ಗ
ಸುಂಕ ತೆಗೀಲಿ ಅಂತ ನಾನು ಓಪನ್ನಾಗೇ ಹೇಳ್ತೀನಿ. ನಮ್ದು ಪವರ್‌ಲೂಮು. ಹಾಸು ಎಳೆಗೆ (ಮಗ್ಗದಲ್ಲಿ ಉದ್ದಕ್ಕೆ ಹೋಗೋದು) ಚೀನಾ ನೂಲು ಬೇಕೇ ಬೇಕು, ಒಂದೇ ಸಮ ಇರುತ್ತೆ, ಮಗ್ಗ ಓಡ್ತಾ ಇದ್ರೆ ಕಿತ್ಕೊಳಲ್ಲ. ಲೋಕಲ್ ಸಿಬಿ (ಮಿಶ್ರ ತಳಿ) ನೂಲು ಹೊಕ್ಕಿಗೆ, ಅಂದ್ರೆ ಅಡ್ಡ ಎಳೆಗೆ, ಹಾಕ್ತೀವಿ. ನೂಲಿನ ರೇಟು ಏರಿದಾಗ ಸೀರೆ ರೇಟು ಅದೇ ದಿನ ಏರಲ್ಲ, ಅಂಗಡಿಯೋರು ಹಳೇ ರೇಟೇ ಕೊಡೋದು, ಮಧ್ಯೆ ಕೂಲಿ ಕಟ್ ಆಗೋದು ನೇಯೋನ್ದು. ರೈತನ ಕಷ್ಟ ಎಲ್ರಿಗೂ ಕಾಣುತ್ತೆ, ನೇಕಾರನ್ದು ಯಾರಿಗೂ ಕಾಣಲ್ಲ. ನಿನ್ನ ಮಾಡೆಲ್ಲು ಸರಿಯಾಗೇ ಹೇಳಿದೆ ತಂಗಿ.

ಲೆಕ್ಕಿಗ
ಸ್ಮಾರ್ಟ್ ತಪ್ಪು ಮಾಡಿಲ್ಲ, ನೀವು ಕೇಳಿರೋ ಪ್ರಶ್ನೆ ಅದಕ್ಕೆ ಸಂಬಂಧವೇ ಇಲ್ಲದ್ದು. ಅದರೊಳಗೆ ಒಂದು ಆಮದು ಮಾಡೋ ದೇಶ ಇದೆ, ಅದಕ್ಕೆ ಮಾರೋ ದೇಶಗಳಿವೆ, ಅಷ್ಟೇ. ದೇಶದೊಳಗಿನ ಉತ್ಪಾದಕ ಅನ್ನೋ ಪಾತ್ರವೇ ಅದರಲ್ಲಿಲ್ಲ. ಹಾಗಾಗಿ ಚಿಕ್ಕಪ್ಪ ಕೇಳಿದ್ದಕ್ಕೆ ಉತ್ತರ: ಇಲ್ಲ, ನೀವು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಬಂದಿರೋ ಲಾಭದಲ್ಲಿ ಅವರ ನಷ್ಟ ಕಳೆದಿಲ್ಲ.

ಇನ್ನೊಂದು. ಅದರ ಡಿಫಾಲ್ಟ್ ನಂಬರುಗಳನ್ನ ನೋಡಿದ್ರಾ? ರಫ್ತು ಪೂರೈಕೆಯ ಇಲಾಸ್ಟಿಸಿಟಿ (ಬೆಲೆ 1% ಬದಲಾದ್ರೆ ಪೂರೈಕೆ ಎಷ್ಟು % ಬದಲಾಗುತ್ತೆ ಅನ್ನೋದು) 99 ಅಂತ ಇರುತ್ತೆ, ಅಂದ್ರೆ ನಾವು ಎಷ್ಟು ಕೊಂಡ್ರೂ ಚೀನಾ ರೇಟು ಏರಿಸಲ್ಲ ಅಂತ ಊಹೆ. ಸ್ಟೀಲಿಗೋ ಪ್ಲಾಸ್ಟಿಕ್ಕಿಗೋ ಅದು ನಡೀಬಹುದು. ರೇಷ್ಮೆಗೆ ನಡೆಯಲ್ಲ, ಜಗತ್ತಲ್ಲಿ ಅತಿ ಹೆಚ್ಚು ರೇಷ್ಮೆ ಬೆಳೆಯೋದು ಚೀನಾ, ಅತಿ ಹೆಚ್ಚು ಬಳಸೋದು ಭಾರತ. ಅಷ್ಟು ದೊಡ್ಡ ಗಿರಾಕಿ ಸುಂಕ ತೆಗೆದ್ರೆ ಮಾರೋನು ಸುಮ್ನೆ ಇರ್ತಾನಾ, ಸುಂಕದಲ್ಲಿ ಉಳಿದಿದ್ದರಲ್ಲಿ ಒಂದು ಪಾಲು ಅವನ ಜೇಬಿಗೇ ಹೋಗುತ್ತೆ. ಅದನ್ನ 99ರ ಬದಲು ಚಿಕ್ಕ ನಂಬರ್ ಮಾಡಿ ಇನ್ನೊಂದ್ಸಲ ಓಡಿಸಿ, ನೇಕಾರರ ಲಾಭ ಎಷ್ಟು ಇಳಿಯುತ್ತೆ ನೋಡಿ.

ಬಯಲುಸೀಮೆ
ಸ್ಮಾರ್ಟಲ್ಲಿ 1.5 ಅಂತ ಇನ್ನೊಂದು ಡಿಫಾಲ್ಟ್ ನಂಬರ್ ಬರುತ್ತಲ್ಲ, ಅದು ಏನು ಮತ್ತೆ? ಅದು ಲೋಕಲ್ ನೂಲಿಗೂ ಚೀನಾ ನೂಲಿಗೂ ಇರೋ ಪರ್ಯಾಯದ ಪ್ರಮಾಣ ಅಲ್ವಾ? ಅಂದ್ಮೇಲೆ ಲೋಕಲ್ ಇದೆ ಅಂತಾಯ್ತಲ್ಲ.

ಲೆಕ್ಕಿಗ
@ಬಯಲುಸೀಮೆ ಅಲ್ಲ. 1.5 ಅನ್ನೋದು ಆಮದು ಮೂಲಗಳ ಮಧ್ಯದ್ದು, ಚೀನಾ ನೂಲು ಬಿಟ್ಟು ವಿಯೆಟ್ನಾಂ ನೂಲಿಗೆ ಎಷ್ಟು ಜನ ವಾಲ್ತಾರೆ ಅಂತ. ಚೀನಾಕ್ಕೂ ರಾಮನಗರಕ್ಕೂ ಮಧ್ಯದ್ದಲ್ಲ. ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಅತಿ ಹೆಚ್ಚು ಜನ ಎಡವೋದು ಇಲ್ಲೇ.

ಮಾವಿನತೋಪು
ಥ್ಯಾಂಕ್ಸ್ ಸರ್, ತುಂಬಾ ಸಹಾಯ ಆಯ್ತು. ಹಾಗಾದ್ರೆ ಜಿಟ್ಯಾಪ್ ಅನ್ನೋ ಮಾಡೆಲ್ ಬಳಸ್ಲಾ? ಅದರಲ್ಲಿ ದೇಶದ ಇಡೀ ಆರ್ಥಿಕತೆ ಇರುತ್ತೆ, ರೈತ ಕಾರ್ಖಾನೆ ಮನೆ ಸರ್ಕಾರ ಎಲ್ಲಾ ಬರುತ್ತೆ ಅಂತ ಕ್ಲಾಸಲ್ಲಿ ಹೇಳಿದ್ರು.

ಲೆಕ್ಕಿಗ
ಜಿಟ್ಯಾಪ್ ಒಳ್ಳೇದೇ. ಅಮೆರಿಕದ ಪರ್ಡ್ಯೂ ವಿವಿಯಲ್ಲಿ ತೊಂಬತ್ತರ ದಶಕದಲ್ಲಿ ಶುರುವಾಗಿದ್ದು, ದೊಡ್ಡ ಒಪ್ಪಂದಗಳ ಲೆಕ್ಕ ಬಹಳಷ್ಟು ಅದರಲ್ಲೇ ಆಗೋದು. ಆದ್ರೆ ರೇಷ್ಮೆ ಅಲ್ಲಿ ಎಲ್ಲಿದೆ ಹುಡುಕಿ ನೋಡಿ. ಆವೃತ್ತಿ 10ರಲ್ಲಿ ಒಟ್ಟು 65 ವಲಯಗಳು. ರೇಷ್ಮೆ ಗೂಡು ಕುರಿ ಉಣ್ಣೆ ಜೊತೆ ಒಂದೇ ವಲಯದಲ್ಲಿ ಸೇರ್ಕೊಂಡಿದೆ. ನೂಲು, ಬಟ್ಟೆ ಎಲ್ಲಾ ಜವಳಿ ಅನ್ನೋ ಇನ್ನೊಂದು ವಲಯದಲ್ಲಿ, ಹತ್ತಿ ಪಾಲಿಯೆಸ್ಟರ್ ಜೊತೆ. ಆಸ್ಟ್ರೇಲಿಯಾದ ಉಣ್ಣೆ ಮತ್ತು ಕನಕಪುರದ ಗೂಡು ಒಂದೇ ಕಾಲಮ್ಮಲ್ಲಿ ಇದ್ರೆ ಅದರಿಂದ ಬರೋ ಉತ್ತರ ಯಾರಿಗೆ ಬೇಕು? ಅಷ್ಟು ದೊಡ್ಡ ಮಾಡೆಲ್ಲಿಗೆ ರೇಷ್ಮೆ ತೀರಾ ಸಣ್ಣದು. ನಿಮ್ಮ ಕೆಲಸಕ್ಕೆ ಎಕ್ಸೆಲ್ಲಲ್ಲಿ ಒಂದೇ ಸರಕಿನ ಮಾಡೆಲ್ ಸಾಕು, ಬೇಡಿಕೆ, ಊರಿನ ಪೂರೈಕೆ, ಆಮದು, ಮೂರೇ ಗೆರೆ. ರಾತ್ರಿ ಲೆಕ್ಕ ಬರೆದು ಹಾಕ್ತೀನಿ.

ಹುಳುಮನೆ_ಕನಕಪುರ
ಲೆಕ್ಕ ಆಮೇಲೆ ಹಾಕಿ, ಮೊದಲು 2011 ಏನಾಯ್ತು ಕೇಳಿ. ಆ ವರ್ಷದ ಬಜೆಟ್ಟಲ್ಲಿ ಕಚ್ಚಾ ರೇಷ್ಮೆ ಸುಂಕ 30%ರಿಂದ 5%ಗೆ ಇಳಿಸಿದ್ರು. ರಾಮನಗರ ಮಾರ್ಕೆಟ್ಟಲ್ಲಿ ಗೂಡಿನ ರೇಟು ನೋಡ್ತಾ ನೋಡ್ತಾ ಅರ್ಧಕ್ಕೆ ಬಂತು. ನಾವು ಮನೇಲಿ ಇಟ್ಕೊಂಡು ಕಾಯೋ ಹಾಗಿಲ್ಲ ಸ್ವಾಮಿ, ಗೂಡು ಬಿಡಿಸಿ ಕೆಲವು ದಿನ ಬಿಟ್ರೆ ಚಿಟ್ಟೆ ತೂತು ಮಾಡ್ಕೊಂಡು ಆಚೆ ಬರುತ್ತೆ, ಆಮೇಲೆ ಅದನ್ನ ರೀಲರ್ (ಗೂಡಿಂದ ನೂಲು ತೆಗೆಯೋನು) ಮುಟ್ಟಲ್ಲ. ಅವತ್ತು ಜಾಲರಿಗೆ ಸುರಿದ್ಮೇಲೆ ಹರಾಜಲ್ಲಿ ಏನು ಕೂಗ್ತಾರೋ ಅದೇ ರೇಟು. ಚಾಕಿ (ಮರಿ ಹುಳು) ದುಡ್ಡು, ಸೊಪ್ಪು ಕೊಯ್ಯೋ ಕೂಲಿ, ಬಾಡಿಗೆ ಗಾಡಿ ಎಲ್ಲಾ ಕಳೆದ್ರೆ ಕೈಗೆ ಏನೂ ಇರ್ಲಿಲ್ಲ. ನಮ್ಮ ಕಡೆ ಎಷ್ಟೋ ಜನ ಹಿಪ್ಪುನೇರಳೆ ಕಿತ್ತು ಹಾಕಿದ್ರು. ಕೀಳೋಕೆ ಒಂದು ಜೆಸಿಬಿ ಸಾಕು, ಮತ್ತೆ ನಾಟಿ ಮಾಡಿ ತೋಟ ಪೂರ್ತಿ ಸೊಪ್ಪಿಗೆ ಬರೋಕೆ ವರ್ಷ ಬೇಕು. 2013ರಲ್ಲಿ 15% ಮಾಡಿದ್ರು (ಆಮೇಲೆ ಮತ್ತೆ 10ಕ್ಕೆ ಬಂತು), ಆದ್ರೆ ಕಿತ್ತೋರು ಎಲ್ಲಾ ವಾಪಸ್ ಬರ್ಲಿಲ್ಲ, ಕೆಲವರ ಜಮೀನು ಲೇಔಟ್ ಆಗೋಯ್ತು.

ದೊಡ್ಬಳ್ಳಾಪುರ_ಮಗ್ಗ
ಅಣ್ಣ ನಿಮ್ಮ ಕಷ್ಟ ನಾನು ಅಲ್ಲಗಳೀತಿಲ್ಲ. ಆದ್ರೆ ಲೆಕ್ಕ ನೋಡಿ, 30 ಇದ್ದದ್ದು 5 ಆದ್ರೆ 100 ರೂಪಾಯಿ ನೂಲು 130ರಿಂದ 105 ಆಗುತ್ತೆ, 19% ಇಳಿಕೆ. ಗೂಡು ಅರ್ಧಕ್ಕೆ ಬಂತು ಅಂದ್ರೆ ಸುಂಕ ಒಂದೇ ಕಾರಣ ಹೇಗಾಗುತ್ತೆ? ಮಿಕ್ಕಿದ್ದು ಯಾರು ತಿಂದ್ರು? ಅದನ್ನ ಕೇಳಿ ಮೊದಲು.

ಶಿಡ್ಲಘಟ್ಟ_ರೀಲರ್
ಯಾರು ತಿಂದ್ರು ಅಂತ ಹೇಳಿದ್ರೆ ಎಲ್ಲಾ ನಮ್ಮ ಕಡೇನೇ ನೋಡ್ತಾರೆ, ಅದಕ್ಕೆ ನಾನೇ ಬಿಡಿಸಿ ಹೇಳ್ತೀನಿ. ಒಂದು ಕೆಜಿ ನೂಲು ತೆಗೆಯೋಕೆ ಸಿಬಿ ಗೂಡು ಏಳೂವರೆ ಕೆಜಿ ಬೇಕು ಅಂದ್ಕೊಳ್ಳಿ, ನಾವು ರೆಂಡಿಟ್ಟಾ ಅಂತೀವಿ ಅದನ್ನ. ನೂಲು 3000 ರೂಪಾಯಿ ಇದೆ, ಬಿಚ್ಚಾಣಿಕೆ ಖರ್ಚು, ಕೂಲಿ ಸೌದೆ ಕರೆಂಟು ನೀರು ನಮ್ಮ ದುಡಿಮೆ ಎಲ್ಲಾ ಸೇರಿ 600. ಗೂಡಿಗೆ ಉಳಿಯೋದು 2400, ಅಂದ್ರೆ ಕೆಜಿಗೆ 320. ಈಗ ನೂಲು 19% ಬಿದ್ದು 2430 ಆಯ್ತು. ನನ್ನ 600 ಕಮ್ಮಿ ಆಗುತ್ತಾ? ಕೂಲಿಯೋರು ಸುಂಕ ಇಳೀತು ಅಂತ ಕಮ್ಮಿ ತಗೋತಾರಾ? ಗೂಡಿಗೆ ಉಳಿದದ್ದು 1830, ಕೆಜಿಗೆ 244. ನೂಲು 19 ಬಿದ್ರೆ ಗೂಡು 24 ಬೀಳುತ್ತೆ, ಯಾರೂ ಮೋಸ ಮಾಡದೇನೇ.

ಅರ್ಧ ಆಗೋಕೆ ಇನ್ನೊಂದು ಕಾರಣ ಭಯ. ಮುಂದಿನ ತಿಂಗಳು ಚೀನಾ ಮಾಲು ಬರುತ್ತೆ ಅಂತ ಗೊತ್ತಾದ್ರೆ ನೂಲಿನ ವ್ಯಾಪಾರಿ ಇವತ್ತೇ ಕೊಳ್ಳೋದು ನಿಲ್ಲಿಸ್ತಾನೆ. ನನ್ನ ಹತ್ರ ನೂಲು ಕೂತ್ರೆ ನಾನು ಹರಾಜಲ್ಲಿ ಕೈ ಎತ್ತಲ್ಲ, ನನ್ನ ದುಡ್ಡೆಲ್ಲಾ ಸ್ಟಾಕಲ್ಲಿ ಸಿಕ್ಕಾಕೊಂಡಿರುತ್ತೆ. ಮಾಲು ಬಂದರಿಗೆ ಬರೋಕೆ ಮುಂಚೆನೇ ಗೂಡಿನ ರೇಟು ಬಿದ್ದಿರುತ್ತೆ. ಆಗ ನಮ್ಮೂರಲ್ಲಿ ಬಾಗಿಲು ಹಾಕಿದ, ನೂಲು ಬಿಚ್ಚೋ ಕಾಟೇಜ್ ಬೇಸಿನ್‌ಗಳು ಕಮ್ಮಿ ಏನಲ್ಲ.

ಲೆಕ್ಕಿಗ
ರೀಲರ್ ಸಾಹೇಬ್ರು ಬರೆದಿರೋದು ಪಠ್ಯಪುಸ್ತಕದಲ್ಲಿ ಪರಿಣಾಮಕಾರಿ ರಕ್ಷಣೆ ಅಂತ ಇರೋ ಅಧ್ಯಾಯನೇ. ಸುಂಕ ಇರೋದು ನೂಲಿನ ಮೇಲೆ, ಅದರ ಪೆಟ್ಟು ಬೀಳೋದು ಬೆಲೆಯಲ್ಲಿ ಬಗ್ಗೋಕೆ ಸಾಧ್ಯ ಇರೋರ ಮೇಲೆ. ಕೂಲಿ ಕರೆಂಟು ಬಗ್ಗಲ್ಲ, ಗೂಡು ಬಗ್ಗುತ್ತೆ. @ಮಾವಿನತೋಪು ಆ ಏಳೂವರೆ ಕೆಜಿ ಲೆಕ್ಕ ನಿಮ್ಮ ಮಾಡೆಲ್ಲಿಗೆ ಹಾಗೇ ಹಾಕಿ.

ಹೇಳಿದ ಹಾಗೆ ಲೆಕ್ಕ ಹಾಕ್ತಾ ಇದೀನಿ. ನಂಬರ್ ಎಲ್ಲಾ ದುಂಡಗೆ ಮಾಡಿರೋದು, ದಾರಿ ತೋರಿಸೋಕೆ ಮಾತ್ರ. ಸುಂಕ ಇಲ್ದೆ ಆಮದು ನೂಲು ಕೆಜಿಗೆ 3000, 15% ಸೇರಿದ್ರೆ 3450. ದೇಶದ ಹಿಪ್ಪುನೇರಳೆ ರೇಷ್ಮೆ 2.5 ಕೋಟಿ ಕೆಜಿ ಇಟ್ಕೊಳ್ಳಿ (2019-20ರಲ್ಲಿ 25 ಸಾವಿರ ಟನ್ ಚಿಲ್ಲರೆ ಆಗಿತ್ತು, ಅದರ ಹತ್ರ), ಆಮದು 30 ಲಕ್ಷ ಕೆಜಿ. ಸುಂಕ ತೆಗೆದ್ರೆ ಬೆಲೆ 450 ಇಳೀತು, ಅಂದ್ರೆ 13%. ಪೂರೈಕೆ ಇಲಾಸ್ಟಿಸಿಟಿ ಅರ್ಧ ಅಂದ್ರೆ ಬೆಳೆ 2.34 ಕೋಟಿಗೆ ಇಳಿಯುತ್ತೆ. ಬೇಡಿಕೆಯದ್ದು ಒಂದು ಅಂದ್ರೆ ಬಳಕೆ 2.8 ಕೋಟಿಯಿಂದ 3.16 ಕೋಟಿ. ಕೊಳ್ಳೋರಿಗೆ ಲಾಭ 1341 ಕೋಟಿ ರೂಪಾಯಿ. ಬೆಳೆಯೋರು ಮತ್ತು ರೀಲರುಗಳಿಗೆ ನಷ್ಟ 1089 ಕೋಟಿ. ಸರ್ಕಾರಕ್ಕೆ ಸುಂಕದಲ್ಲಿ ನಷ್ಟ 135 ಕೋಟಿ. ಉಳಿದದ್ದು 117 ಕೋಟಿ, ಅದು ದೇಶಕ್ಕೆ ನಿವ್ವಳ ಲಾಭ.

ನೋಡಿ, ರಿಪೋರ್ಟಲ್ಲಿ ಹೆಡ್ಡಿಂಗ್ ಆಗೋದು ಆ 117. ಹಳ್ಳಿಯಲ್ಲಿ ನಡೆಯೋದು 1089. ಎರಡೂ ಒಂದೇ ಮಾಡೆಲ್ಲಿಂದ ಬಂದಿರೋದು. 117 ಕೋಟಿ ಲಾಭಕ್ಕೋಸ್ಕರ ಸಾವಿರ ಕೋಟಿಗಿಂತ ಜಾಸ್ತಿ ದುಡ್ಡು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತೆ. ಎರಡು ನಂಬರನ್ನೂ ಒಂದೇ ಪುಟದಲ್ಲಿ ಬರೆಯದೇ ಇರೋ ರಿಪೋರ್ಟನ್ನ ನಾನು ಓದೋಕೂ ಹೋಗಲ್ಲ.

ದೊಡ್ಬಳ್ಳಾಪುರ_ಮಗ್ಗ
ಅದೇ ಲೆಕ್ಕ ಉಲ್ಟಾ ಓದಿ ಸರ್. ಇವತ್ತು ಸುಂಕ ಇದೆ, ಅಂದ್ರೆ ಅದೇ ಸಾವಿರ ಕೋಟಿ ನೇಕಾರ, ಸೀರೆ ಉಡೋರ ಕೈಯಿಂದ ಪ್ರತಿ ವರ್ಷ ಆಚೆ ಹೋಗ್ತಾ ಇದೆ ಅಂತ ತಾನೆ? ಸುಂಕ ತೆಗೆದಾಗ ಆಗೋದು ಕಣ್ಣೀರು, ಸುಂಕ ಇದ್ದಾಗ ಆಗೋದು ಮಾಮೂಲು ಅನ್ನೋದು ಯಾವ ನ್ಯಾಯ.

ಲೆಕ್ಕಿಗ
ಸರಿಯಾಗೇ ಹೇಳಿದ್ರಿ. ಈ ಪಾಯಿಂಟು ಒಪ್ಪಲೇಬೇಕು, ಮಾಡೆಲ್ ಎರಡೂ ಕಡೆಯಿಂದ ಓದೋ ಹಾಗೇ ಇರೋದು.

ಇಳಕಲ್_ಟೋಪತೆನಿ
ನಮ್ಮ ಕಡೀದೂ ಸ್ವಲ್ಪ ಕೇಳ್ರಿ. ಇಳಕಲ್ ಸೀರಿಗೆ ಸೆರಗಿಗೆ ರೇಷ್ಮಿ ಬೇಕು, ಒಡಲಿಗೆ ಹತ್ತಿ. ರೇಷ್ಮಿ ರೇಟ್ ಏರಿತಂದ್ರ ನಾವೇನ್ ಮಾಡ್ತೀವಿ, ಆರ್ಟ್ ಸಿಲ್ಕ್ (ಕೃತಕ ರೇಷ್ಮಿ) ಹಾಕ್ತೀವ್ರಿ. ಗಿರಾಕಿನೂ ಅದನ್ನ ಒಯ್ತಾರ. ಮಾಲಕರಿಗೆ ಹೆಂಗೋ ನಡೀತದ, ಆದ್ರ ಪ್ಯೂರ್ ಸೀರಿ ನೇಯೋ ಕೂಲಿ ಬ್ಯಾರೆ, ಆರ್ಟ್ ಸಿಲ್ಕಿನ ಕೂಲಿ ಬ್ಯಾರೆ. ನೇಕಾರಗ ಬರೋದು ಕಮ್ಮಿ ಆಗ್ತದ. ನಿಮ್ಮ ಮಾಡೆಲ್‌ನಾಗ ಆರ್ಟ್ ಸಿಲ್ಕ್ ಐತೇನ್ರಿ? ಇಲ್ಲಂದ್ರ ಬೇಡಿಕೆ ಒಂದು ಅಂತ ಹೆಂಗ ಹಿಡಿದ್ರಿ? ನನಗ ಅನಸೂದು ಅದು ಒಂದಕ್ಕಿಂತ ಭಾಳ ಜಾಸ್ತಿ ಇರಬೇಕು.

ಮಾವಿನತೋಪು
@ಇಳಕಲ್_ಟೋಪತೆನಿ ಇದು ನನಗೆ ಹೊಳೆದೇ ಇರ್ಲಿಲ್ಲ ಸರ್. ಬೇಡಿಕೆ ಇಲಾಸ್ಟಿಸಿಟಿ 1, 2, 3 ಇಟ್ಟು ಮೂರು ಸಲ ಓಡಿಸಿ ಟೇಬಲ್ ಮಾಡ್ತೀನಿ.

ಡಲ್ಲಾಸ್_ಕನ್ನಡಿಗ
ಸರಕುಗಳ ಮಧ್ಯದ ಸಂಬಂಧ ಅಂದಾಗ ಇಲ್ಲಿಯ ಒಂದು ಉದಾಹರಣೆ ಕೊಡ್ತೀನಿ. 2018ರಲ್ಲಿ ಅಮೆರಿಕ ಆಮದಾಗೋ ವಾಷಿಂಗ್ ಮೆಷಿನ್ ಮೇಲೆ ಸುಂಕ ಹಾಕ್ತು. ಆಮೇಲೆ ಮೂರು ಜನ ಅರ್ಥಶಾಸ್ತ್ರಜ್ಞರು, ಫ್ಲಾಯೆನ್, ಹೊರ್ಟಾಚ್ಸು, ಟಿಂಟೆಲ್‌ನಾಟ್, ಅಂಗಡಿ ಬೆಲೆಗಳನ್ನ ಕೂತು ನೋಡಿದ್ರು. ವಾಷರ್ ಬೆಲೆ ಸುಮಾರು 12% ಏರಿತ್ತು, ಅದು ಎಲ್ರೂ ನಿರೀಕ್ಷೆ ಮಾಡಿದ್ದೇ. ಆದ್ರೆ ಸುಂಕವೇ ಇಲ್ದಿರೋ ಡ್ರೈಯರ್ ಬೆಲೆನೂ ಅಷ್ಟೇ ಏರಿತ್ತು, ಯಾಕಂದ್ರೆ ಇಲ್ಲಿ ಜನ ಎರಡನ್ನೂ ಜೋಡಿಯಾಗೇ ಕೊಳ್ಳೋದು, ಕಂಪನಿಗಳು ಏರಿಕೆಯನ್ನ ಎರಡರ ಮೇಲೂ ಹಂಚಿಬಿಟ್ರು. ಒಂದು ಕೋಡ್ ಮೇಲೆ ಮಾಡೆಲ್ ಓಡಿಸೋರಿಗೆ ಡ್ರೈಯರ್ ಕಾಣೋದೇ ಇಲ್ಲ. ಹುಟ್ಟಿದ ಕೆಲಸ ಸುಮಾರು 1,800, ಗ್ರಾಹಕರು ತೆತ್ತ ದುಡ್ಡನ್ನ ಅದಕ್ಕೆ ಭಾಗಿಸಿದ್ರೆ ಒಂದೊಂದು ಕೆಲಸಕ್ಕೆ ವರ್ಷಕ್ಕೆ 8 ಲಕ್ಷ ಡಾಲರಿಗಿಂತ ಜಾಸ್ತಿ. ನಮ್ಮ ಮನೇಲೂ ಆ ಸಮಯದಲ್ಲೇ ಜೋಡಿ ತಗೊಂಡಿದ್ವಿ, ಬೆಲೆ ನೋಡಿ ಹೆಂಡತಿ ಜೊತೆ ದೊಡ್ಡ ಚರ್ಚೆನೇ ಆಗಿತ್ತು.

ಬಯಲುಸೀಮೆ
ಅಮೆರಿಕದವರು 2025ರಲ್ಲಿ ಹಾಕಿದ ಸುಂಕಕ್ಕೂ ಒಂದು ಫಾರ್ಮುಲಾ ಕೊಟ್ಟಿದ್ರಲ್ಲ, ಅದು ಯಾವ ಮಾಡೆಲ್ಲು? ಭಾರತಕ್ಕೆ 26% ಅಂತ ಬಂತಲ್ಲ.

ಡಲ್ಲಾಸ್_ಕನ್ನಡಿಗ
2025 ಏಪ್ರಿಲ್ 2ರದ್ದು. ಗ್ರೀಕ್ ಅಕ್ಷರ ಹಾಕಿ ಸಮೀಕರಣ ಬರೆದಿದ್ರು. ಆಮದು ಬೇಡಿಕೆಯ ಇಲಾಸ್ಟಿಸಿಟಿ 4, ಸುಂಕ ಆಮದು ಬೆಲೆಗೆ ದಾಟೋ ಪ್ರಮಾಣ 0.25. ಎರಡನ್ನೂ ಗುಣಿಸಿದ್ರೆ 1, ಹಾಗಾಗಿ ಕೊನೆಗೆ ಉಳಿಯೋದು ವ್ಯಾಪಾರ ಕೊರತೆ ಭಾಗಿಸು ಆಮದು. ಭಾರತದ ಜೊತೆ ಕೊರತೆ 45.7 ಬಿಲಿಯನ್, ಆಮದು 87.4 ಬಿಲಿಯನ್, 52% ಬಂತು, ಅದರರ್ಧ 26. ಯಾರ ಸಂಶೋಧನೆಯನ್ನ ಆಧಾರ ಅಂತ ತೋರಿಸಿದ್ರೋ ಅವರಲ್ಲೊಬ್ಬರು, ಬ್ರೆಂಟ್ ನೈಮನ್, ನಮ್ಮ ಅಂದಾಜು 0.25 ಅಲ್ಲ, 0.95ರ ಹತ್ರ, ಅದನ್ನ ಹಾಕಿದ್ರೆ ಸುಂಕ ಕಾಲು ಭಾಗಕ್ಕೆ ಇಳಿಯುತ್ತೆ ಅಂತ ಪತ್ರಿಕೆಯಲ್ಲೇ ಬರೆದ್ರು. ಒಂದು ಪ್ಯಾರಾಮೀಟರ್ ಬದಲಾದ್ರೆ ದೇಶದೇಶಗಳ ಹಣೆಬರಹ ಬದಲಾಗುತ್ತೆ. ಅದಕ್ಕೇ ನಂಬರ್ ಎಲ್ಲಿಂದ ಬಂತು ಅಂತ ಕೇಳೋ ಅಭ್ಯಾಸ ಬೇಕು.

ಕಾಫಿಗಿಡ_ಮೆಣಸುಬಳ್ಳಿ
ನಮ್ಮ ಮೆಣಸಿನ ಕಥೆ ಯಾಕೆ ಯಾರೂ ಎತ್ತಲ್ಲ? ಸೋಮವಾರಪೇಟೆ ಕಡೆಯವನು ನಾನು. ಮೆಣಸಿಗೆ ಮಾಮೂಲಿ ಸುಂಕ 70%. ಆಸಿಯಾನ್ (ವಿಯೆಟ್ನಾಂ ಸೇರಿ ಆಗ್ನೇಯ ಏಷ್ಯಾ ದೇಶಗಳ) ಒಪ್ಪಂದದಲ್ಲಿ ಅದನ್ನ ಹಂತ ಹಂತವಾಗಿ 50%ಗೆ ಇಳಿಸೋದು ಅಂತಾಯ್ತು. ಶ್ರೀಲಂಕಾ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್ ಸುಂಕವೇ ಇಲ್ಲದೆ, ಸಾಫ್ಟಾ (ದಕ್ಷಿಣ ಏಷ್ಯಾ ವ್ಯಾಪಾರ ಒಪ್ಪಂದ) ಕೆಳಗೆ ತಂದ್ರೆ 8%. ಈಗ ಹೇಳಿ, ವಿಯೆಟ್ನಾಂ ಮೆಣಸು ನೇರ ಬಂದ್ರೆ 50, ಕೊಲಂಬೊ ಸುತ್ತಿ ಬಂದ್ರೆ 8 ಅಥವಾ ಸೊನ್ನೆ. ಯಾವ ದಾರೀಲಿ ಬರುತ್ತೆ? ಮೂಲದ ಸರ್ಟಿಫಿಕೇಟ್ ಒಂದು ಕಾಗದ ಅಷ್ಟೇ. ನಾವು ಬೆಳೆಗಾರರು ವರ್ಷಗಟ್ಟಲೆ ಕೂಗಿದ್ಮೇಲೆ 2017 ಡಿಸೆಂಬರಲ್ಲಿ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಇಟ್ರು. ನಮ್ಮ ಮೆಣಸು 500 ಆಗುತ್ತೆ ಅಂತ ಎಲ್ರೂ ಕಾದ್ವಿ. ಆಗ್ಲಿಲ್ಲ, ಮುನ್ನೂರು ಚಿಲ್ಲರೆಯಲ್ಲೇ ಎಷ್ಟೋ ಕಾಲ ಒದ್ದಾಡ್ತು. ಈ ಮಾಡೆಲ್‌ಗಳು ಇದಕ್ಕೇನು ಹೇಳ್ತಾವೆ?

ಲೆಕ್ಕಿಗ
ಕನಿಷ್ಠ ಆಮದು ಬೆಲೆ ಅನ್ನೋದು ನಿಮಗೆ ಸಿಗೋ ಬೆಲೆಗೆ ಚಾವಣಿ ಆಗುತ್ತೆ, ನೆಲ ಆಗಲ್ಲ. 500ರ ಕೆಳಗಿನ ಮಾಲು ಬರಬಾರದು ಅಂದ್ರೆ ಆಮದು ನಿಂತ ಹಾಗೆ. ಆಮೇಲೆ ಬೆಲೆ ಗೊತ್ತಾಗೋದು ದೇಶದೊಳಗಿನ ಬೆಳೆ ಮತ್ತು ಬೇಡಿಕೆಯಿಂದ. ಗೋದಾಮಲ್ಲಿ ಹಳೇ ಸ್ಟಾಕ್ ತುಂಬಿದ್ರೆ, ರಫ್ತು ಆಗೋ ಹಾಗಿಲ್ಲ ಅಂದ್ರೆ (ಆಗ ಹೊರಗೆ ವಿಯೆಟ್ನಾಂ ಅಗ್ಗಕ್ಕೆ ಮಾರ್ತಾ ಇತ್ತಲ್ಲ), ಬೆಲೆ 350ರಲ್ಲೇ ನಿಲ್ಲುತ್ತೆ. ಇದು ಎರಡು ಗೆರೆ ಎಳೆದ್ರೆ ಕಾಣೋ ವಿಷಯ, ಯಾರೂ ಬೆಳೆಗಾರರಿಗೆ ಮೊದಲೇ ಹೇಳಲಿಲ್ಲ ಅನ್ನೋದೇ ಬೇಸರ.

ಮಲೆನಾಡ_ತೋಟ
ಅಡಿಕೆಗೂ ಇದೇ. 2023ರಲ್ಲಿ ಕನಿಷ್ಠ ಆಮದು ಬೆಲೆ ಕೆಜಿಗೆ 251ರಿಂದ 351 ರೂಪಾಯಿ ಮಾಡಿದ್ರು. ಭೂತಾನಿಂದ 17 ಸಾವಿರ ಟನ್ ಹಸಿ ಅಡಿಕೆಗೆ ಆ ನಿಯಮ ಇಲ್ಲ.

ನಿವೃತ್ತ_ಕಸ್ಟಮ್ಸ್
ಇಷ್ಟೊತ್ತು ಓದ್ತಾ ಇದ್ದೆ, ಒಂದು ಮಾತು ಹೇಳಲೇಬೇಕು. ನೀವೆಲ್ಲ ಸುಂಕ 15 ಅಂದ್ರೆ 15 ಕಟ್ಟಿ ಬರುತ್ತೆ ಅಂತ ಇಟ್ಕೊಂಡಿದೀರಿ. ನಾನು ಕೆಲಸದಲ್ಲಿದ್ದ ಕಾಲದಲ್ಲಿ ಸುಂಕ ಏರಿದ ಬೆನ್ನಲ್ಲೇ ಬಿಲ್ಲಲ್ಲಿ ಬೆಲೆ ಇಳಿಯೋದು, ಒಳ್ಳೇ ಗ್ರೇಡು ಕೆಳಗಿನ ಗ್ರೇಡಾಗೋದು, ನೂಲು ಬೇರೆ ಹೆಸರಲ್ಲಿ ಬರೋದು ನೋಡಿದೀನಿ. ಕನಿಷ್ಠ ಬೆಲೆ ಇಟ್ರೆ ಉಲ್ಟಾ, ಬಿಲ್ಲಲ್ಲಿ ಬೆಲೆ ಏರುತ್ತೆ. ಇದನ್ನ ಅಳೆಯೋ ದಾರಿನೂ ಇದೆ. ಫಿಸ್ಮನ್ ಮತ್ತು ವೇ ಅಂತ ಇಬ್ಬರು 2004ರಲ್ಲಿ ಪ್ರಕಟಿಸಿದ್ರು, ಹಾಂಕಾಂಗ್ ಚೀನಾಕ್ಕೆ ಕಳಿಸಿದೆ ಅಂದ ಲೆಕ್ಕ, ಚೀನಾ ಹಾಂಕಾಂಗಿಂದ ಬಂತು ಅಂದ ಲೆಕ್ಕ, ಎರಡನ್ನೂ ಎದುರುಬದುರು ಇಟ್ರು. ತೆರಿಗೆ ಒಂದು ಪರ್ಸೆಂಟೇಜ್ ಪಾಯಿಂಟ್ ಏರಿದ್ರೆ ತಪ್ಪಿಸ್ಕೊಳ್ಳೋದು ಸುಮಾರು 3% ಏರುತ್ತೆ ಅಂತ ಬಂತು. ಪ್ರಾಜೆಕ್ಟ್ ಮಾಡ್ತಿರೋ ನಮ್ಮ ಹುಡುಗಿ ಚೀನಾದ ರಫ್ತು ಅಂಕಿ ಅಂಶ ಮತ್ತು ನಮ್ಮ ಆಮದು ಅಂಕಿ ಅಂಶ 5002 ಕೋಡಿಗೆ ತೆಗೆದು ಪಕ್ಕಪಕ್ಕ ಇಡಲಿ. ಒಂದು ವರ್ಷದ್ದಲ್ಲ, 2011 ಮತ್ತು 2013ರ ಹಿಂದೆ ಮುಂದೆ.

ಗೋಮಾಳ
ಆರ್‌ಸಿಇಪಿ (ಏಷ್ಯಾ-ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದ) ಟೈಮಲ್ಲಿ ನಂದಿನಿ ಹಾಲಿನ ಬಗ್ಗೆ ಇದೇ ಜಗಳ ಆಗಿತ್ತು. ನ್ಯೂಜಿಲೆಂಡ್ ನಮ್ಮ ಮುಂದೆ ಚಿಕ್ಕ ದೇಶ, ಏನು ಮಾಡ್ತಾರೆ ಅಂತ ಒಬ್ಬರು, ಅವರು ಕರೆಯೋ ಹಾಲೆಲ್ಲಾ ಹೆಚ್ಚುಕಮ್ಮಿ ರಫ್ತಿಗೇ ಅಂತ ಇನ್ನೊಬ್ಬರು. ಕೊನೆಗೆ 2019 ನವೆಂಬರಲ್ಲಿ ಭಾರತ ಹೊರಗೆ ಬಂತು. ಬಂದದ್ದು ಸರಿನಾ ತಪ್ಪಾ?

ನಿರ್ವಾಹಕ
ಹಾಲಿನ ವಿಷಯಕ್ಕೆ ಬೇರೆ ಎಳೆ ತೆಗೀರಿ ದಯವಿಟ್ಟು. ಇಲ್ಲಿ ರೇಷ್ಮೆ ಮತ್ತು ಮಾಡೆಲ್.

ಉಜಿರೆ_ಮೇಷ್ಟ್ರು
ಒಟ್ಟು ಲಾಭ ನಷ್ಟದ ಮಾತಿಗೆ ಒಂದು ಸೇರಿಸ್ತೇನೆ. ಪೆಟಿಯಾ ಟೊಪಲೋವಾ ಅನ್ನೋವರು ಭಾರತದ 1991ರ ನಂತರದ ಸುಂಕ ಕಡಿತವನ್ನ ಜಿಲ್ಲೆ ಜಿಲ್ಲೆ ಹಿಡಿದು ನೋಡಿದ್ರು. ದೇಶದಲ್ಲಿ ಒಟ್ಟಾರೆ ಬಡತನ ಇಳೀತಾ ಇತ್ತು, ಆದರೆ ಯಾವ ಗ್ರಾಮೀಣ ಜಿಲ್ಲೆಯ ಕಸುಬುಗಳ ಮೇಲಿನ ಸುಂಕ ಹೆಚ್ಚು ಇಳೀತೋ ಅಲ್ಲಿ ಬಡತನ ಅಷ್ಟು ಬೇಗ ಇಳಿಯಲಿಲ್ಲ. ಕಾರಣ, ಜನ ಜಿಲ್ಲೆ ಬಿಟ್ಟು ಜಿಲ್ಲೆಗೆ, ಕಸುಬು ಬಿಟ್ಟು ಕಸುಬಿಗೆ ಹೋಗಲೇ ಇಲ್ಲ. ಮಾಮೂಲಿ ಮಾಡೆಲ್‌ಗಳಲ್ಲಿ ಕೂಲಿಗಾರ ಇಲ್ಲಿ ಕೆಲಸ ಬಿಟ್ರೆ ಅಲ್ಲಿ ಸೇರ್ತಾನೆ ಅಂತ ಇರ್ತದೆ. ಐವತ್ತು ವರ್ಷದ ರೇಷ್ಮೆ ಬೆಳೆಗಾರ್ತಿ ಎಲ್ಲಿ ಸೇರ್ತಾಳೆ ಹೇಳಿ. ರೇಷ್ಮೆ ಬೆಳೆಯೋ ಜಿಲ್ಲೆಗಳು ನಮ್ಮಲ್ಲಿ ಒಂದೇ ಮಗ್ಗುಲಲ್ಲಿ ಇವೆ, ರಾಮನಗರ (ಈಗ ಬೆಂಗಳೂರು ದಕ್ಷಿಣ), ಚಿಕ್ಕಬಳ್ಳಾಪುರ, ಕೋಲಾರ, ಮಂಡ್ಯ. ಆ 1089 ಕೋಟಿ ಇಡೀ ದೇಶದ ಮೇಲೆ ಹರಡಿ ಬೀಳೋದಿಲ್ಲ, ದೊಡ್ಡ ಪಾಲು ಈ ನಾಲ್ಕೈದು ಜಿಲ್ಲೆ ಮೇಲೆ ಬೀಳ್ತದೆ. ಲಾಭ ಮಾತ್ರ ಊರೂರಿಗೆ ಹರಡ್ತದೆ.

ಬಯಲುಸೀಮೆ
ಮೇಷ್ಟ್ರೇ ಬೆಂಗಳೂರು ಪಕ್ಕದಲ್ಲೇ ಇದೆ ಅವರಿಗೆಲ್ಲ, ಬೇರೆ ಕೆಲಸಕ್ಕೆ ಏನು ಬರ?

ಹುಳುಮನೆ_ಕನಕಪುರ
ಸೆಕ್ಯೂರಿಟಿ ಕೆಲಸಕ್ಕೆ ಹೋದೋರು ಇದಾರೆ, ನನ್ನ ತಮ್ಮನೇ ಹೋಗಿದಾನೆ. ಹುಳು ಮನೆಗೆ ಗಂಡಸು ಒಬ್ಬನೇ ಸಾಲಲ್ಲ, ಸೊಪ್ಪು ಹಾಕೋದು, ಕಸ ತೆಗೆಯೋದು, ಹಣ್ಣಾದ ಹುಳ ಆರಿಸಿ ಚಂದ್ರಿಕೆಗೆ (ಹುಳು ಗೂಡು ಕಟ್ಟೋ ತಟ್ಟೆ) ಬಿಡೋದು ಹೆಂಗಸರು. ಗಂಡಸು ಬೆಂಗಳೂರಿಗೆ ಹೋಗ್ಬಹುದು, ಆ ಹೆಂಗಸರ ದುಡಿಮೆಗೆ ಯಾವ ಊರಲ್ಲಿ ಕೆಲಸ ಇದೆ? ನಿಮ್ಮ ಮಾಡೆಲ್ಲಲ್ಲಿ ಅವರಿಗೆ ಕೂಲಿ ಅಂತ ಹಾಕಿದೀರಾ, ಮನೆಯೋರು ಅಂತ ಸೊನ್ನೆ ಹಾಕಿದೀರಾ?

ಮಾವಿನತೋಪು
ಸಿಲ್ಕ್ ಬೋರ್ಡಿನ ಬೆಲೆ ಸರಣಿ ಇಳಿಸ್ಕೊಂಡೆ. ಒಂದು ಸಂದೇಹ, ಸುಂಕ 10ರಿಂದ 15 ಆಗಿದ್ದು 2021 ಫೆಬ್ರವರಿ. ಮುಂದಿನ ವರ್ಷದ ಶುರುವಿಗೆ ರಾಮನಗರದಲ್ಲಿ ಗೂಡು ಸಾವಿರ ರೂಪಾಯಿ ಹತ್ರ ಹೋಯ್ತು. ಸುಂಕದಿಂದ ರೇಟು ಏರಿತು ಅಂತ ಬರೀಬಹುದಾ?

ಲೆಕ್ಕಿಗ
ಖಂಡಿತ ಬೇಡ. 110 ಇದ್ದದ್ದು 115 ಆದ್ರೆ ನಾಲ್ಕೂವರೆ ಪರ್ಸೆಂಟ್. ಗೂಡಿಗೆ ಬರೋಷ್ಟರಲ್ಲಿ ಆರೇಳು ಅನ್ನಿ. ರೇಟು ದುಪ್ಪಟ್ಟಾಗಿದ್ದಕ್ಕೆ ಅದು ಕಾರಣ ಆಗೋಕೆ ಸಾಧ್ಯವೇ ಇಲ್ಲ. ಕೋವಿಡ್ ಕಾಲದಲ್ಲಿ ಆಮದು ಬಿದ್ದು ಹೋಗಿತ್ತು, ಆಮೇಲೆ ಮದುವೆಗಳೆಲ್ಲಾ ಒಟ್ಟಿಗೆ ಬಂದ್ವು. 2011 ನಿಮಗೆ ಒಳ್ಳೇ ಪರೀಕ್ಷೆ, ಒಂದೇ ಸಲಕ್ಕೆ 25 ಪಾಯಿಂಟ್ ಬದಲಾವಣೆ. ಅದರಲ್ಲೂ ಸಿಬಿ ಗೂಡಿನ ರೇಟು, ಬೈವೋಲ್ಟೀನ್ (ಉತ್ತಮ ನೂಲು ಕೊಡೋ ಬಿಳಿ ಗೂಡಿನ ತಳಿ) ಗೂಡಿನ ರೇಟು ಬೇರೆ ಬೇರೆ ತೆಗೀರಿ. ಚೀನಾ ನೂಲಿಗೆ ನಿಜವಾಗ್ಲೂ ಎದುರಾಳಿ ಬೈವೋಲ್ಟೀನ್. ಮಗ್ಗದ ಅಣ್ಣ ಹೇಳಿದ್ರಲ್ಲ, ಹಾಸಿಗೆ ಅದು ಹೊಕ್ಕಿಗೆ ಇದು ಅಂತ. ಅದು ಪೂರ್ತಿ ನಿಜ ಆಗಿದ್ರೆ ಚೀನಾ ನೂಲು ಅಗ್ಗ ಆದಾಗ ಬೈವೋಲ್ಟೀನ್ ಬೀಳ್ಬೇಕು, ಸಿಬಿ ಅಷ್ಟಾಗಿ ಬೀಳಬಾರದು, ಹಾಸು ಅಗ್ಗವಾಗಿ ಸೀರೆ ಜಾಸ್ತಿ ನೇಯ್ದ್ರೆ ಹೊಕ್ಕಿಗೆ ಬೇಡಿಕೆ ಏರಲೂಬಹುದು. ಎರಡೂ ಒಟ್ಟಿಗೆ ಬಿದ್ದಿದ್ರೆ ನೇಕಾರರು ಒಂದರ ಬದಲು ಇನ್ನೊಂದು ಹಾಕ್ತಾ ಇದ್ದಾರೆ ಅಂತ. ಇಡೀ ವಾದ ನಿಂತಿರೋದು ಈ ಒಂದು ನಂಬರ್ ಮೇಲೆ.

ದೊಡ್ಬಳ್ಳಾಪುರ_ಮಗ್ಗ
ತೀರಾ ಅಗ್ಗ ಆದಾಗ ಹೊಕ್ಕಿಗೂ ಚೀನಾನೇ ಹಾಕಿದೀವಿ, ಅದು ಇರೋ ವಿಷಯ. ಕೈಮಗ್ಗದೋರು ಹಾಕಲ್ಲ, ಅವರಿಗೆ ಲೋಕಲ್ ನೂಲಿನ ಮೈ ಬೇಕು.

ಲೆಕ್ಕಿಗ
ಇದು ಚಿನ್ನದಂಥ ಮಾಹಿತಿ. ಅಂದ್ರೆ ಪರ್ಯಾಯದ ಪ್ರಮಾಣ ಒಂದೇ ನಂಬರಲ್ಲ, ಬೆಲೆ ಅಂತರ ಸಣ್ಣದಿದ್ದಾಗ ಕಮ್ಮಿ, ದೊಡ್ಡದಾದಾಗ ಜಾಸ್ತಿ. 15ರಿಂದ ಸೊನ್ನೆಗೆ ಇಳಿಸೋದನ್ನ 30ರಿಂದ 5ಕ್ಕೆ ಇಳಿಸಿದ ಅನುಭವದಿಂದ ನೇರವಾಗಿ ಅಂದಾಜು ಮಾಡೋ ಹಾಗಿಲ್ಲ. ಪವರ್‌ಲೂಮು, ಕೈಮಗ್ಗ ಎರಡು ಬೇರೆ ಕೊಳ್ಳೋರು ಅಂತ ಮಾಡೆಲ್ಲಲ್ಲಿ ಇಡಿ.

ಮಾವಿನತೋಪು
ಹಾಗಾದ್ರೆ ಹೀಗೆ ಮಾಡ್ತೀನಿ. ಎರಡು ಥರದ ನೂಲು, ಎರಡು ಥರದ ಮಗ್ಗ, ಗೂಡಿಗೆ ರೆಂಡಿಟ್ಟಾ ಲೆಕ್ಕ, ಮನೆಯವರ ದುಡಿಮೆಗೂ ಕೂಲಿ, ಚೀನಾದ ಪೂರೈಕೆ 99 ಅಲ್ಲದೆ ಚಿಕ್ಕ ನಂಬರಲ್ಲೂ. ನಿವ್ವಳ ಲಾಭದ ಪಕ್ಕದಲ್ಲೇ ಯಾರಿಂದ ಯಾರಿಗೆ ಎಷ್ಟು ಅನ್ನೋ ಟೇಬಲ್, ಜಿಲ್ಲೆವಾರು. ಗೈಡ್ ಸರ್ ಒಪ್ತಾರೋ ಇಲ್ವೋ, ಸ್ಮಾರ್ಟ್ ಫಲಿತಾಂಶನೂ ಜೊತೆಗೆ ಇಟ್ಟು ಯಾಕೆ ಬೇರೆ ಬಂತು ಅಂತ ಬರೀತೀನಿ.

ಶಿಡ್ಲಘಟ್ಟ_ರೀಲರ್
ಹುರಿ ಹಾಕೋರನ್ನ ಬಿಡ್ಬೇಡಮ್ಮ. ರೀಲಿಂಗ್ ಆದ್ಮೇಲೆ ನೂಲು ನೇರ ಮಗ್ಗಕ್ಕೆ ಹೋಗಲ್ಲ, ಹುರಿ ಮಿಷನ್ನಿಗೆ ಹೋಗುತ್ತೆ. ಅವರಿಗೆ ಚೀನಾ ನೂಲಾದ್ರೂ ಒಂದೇ ನಮ್ಮ ನೂಲಾದ್ರೂ ಒಂದೇ, ಕಚ್ಚಾ ನೂಲು ಬಂದ್ರೆ ಕೆಲಸ ಇದೆ. ಆದ್ರೆ ಹುರಿ ಹಾಕಿದ ನೂಲೇ ಹೊರಗಿಂದ ಅಗ್ಗಕ್ಕೆ ಬಂದ್ರೆ ಅವರೂ ಮುಚ್ಚಬೇಕು, ಅದು ಬೇರೆ ಕೋಡು, 5004 ಅನ್ಸುತ್ತೆ. 5002 ಒಂದೇ ನೋಡ್ಬೇಡ. ಬೆಳಿಗ್ಗೆ ಹರಾಜಿನ ಹೊತ್ತಿಗೆ ಮಾರ್ಕೆಟ್ಟಿಗೆ ಬಂದ್ರೆ ಬೇಸಿನ್ ನಡೆಸೋರು, ಹುರಿಯೋರು ಇಬ್ಬರ ಖರ್ಚಿನ ಪಟ್ಟಿನೂ ಕೊಡಿಸ್ತೀನಿ.